ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎಡಗೈ ಪಾಠ

ಹಾರ್ಟ್‌ಫರ್ಡ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ರೈಲಿನಲ್ಲಿ ಹೆಚ್ಚೂಕಡಿಮೆ ಮುಕ್ಕಾಲು ಗಂಟೆ. ನಮ್ಮ ಮಂಡ್ಯದಿಂದ ಮೈಸೂರಿಗೆ ಹೋದಷ್ಟೇ ಹೊತ್ತು. ವಿಂಡ್ಸರ್ ಲಾಕ್ಸ್ ದಾಟಿದ ಮೇಲೆ ರೈಲು ಕನೆಕ್ಟಿಕಟ್ ನದಿಯ ಸೇತುವೆ ಏರುತ್ತೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಬಂದಾಗ ತಾನಾಗಿ ಕಿಟಕಿ ಕಡೆ ತಿರುಗೋ ಅಭ್ಯಾಸ ನನಗೆ. ಇಲ್ಲೂ ತಿರುಗಿದೆ.

ಹಾರ್ಟ್‌ಫರ್ಡ್ ಇನ್ಶೂರೆನ್ಸ್ ಕಂಪನಿಗಳ ಊರು. ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಇಲ್ಲಿ ಕೆಲಸಕ್ಕೆ ಬರಗಾಲವಿಲ್ಲ. ನಾನೂ ಹಾಗೆ ಪ್ರಾಜೆಕ್ಟ್ ಮೇಲೆ ಬಂದವನು. ಭಾನುವಾರ ಬೆಳಗ್ಗೆ ಅಪಾರ್ಟ್‌ಮೆಂಟಿನ ಪಕ್ಕದ ಪಾರ್ಕಿನಲ್ಲಿ ಬಾಸ್ಕೆಟ್‌ಬಾಲ್ ಆಡ್ತೀವಿ. ಅಲ್ಲಿ ನನಗೊಂದು ಅಡ್ಡಹೆಸರು: 'ಒನ್ ವೇ'. ಯಾಕೆಂದರೆ ನಾನು ಯಾವಾಗಲೂ ಬಲಕ್ಕೇ ನುಗ್ಗೋದು. ಎದುರಾಳಿ ನನ್ನ ಬಲಗಡೆ ಬಂದು ಸುಮ್ಮನೆ ನಿಂತರೆ ಸಾಕು, ನನ್ನ ಆಟ ಅಲ್ಲಿಗೆ ಮುಗೀತು.

ಈ ಹೆಸರು ಅಪ್ಪನಿಗೆ ಗೊತ್ತಾದರೆ ಏನನ್ನುತ್ತಾರೋ ಅಂತ ಒಳಗೊಳಗೇ ಅಳುಕು. ಅಪ್ಪ ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಮಣ್ಣಿನ ಕೋರ್ಟು, ನೆಟ್ ಇಲ್ಲದ ರಿಂಗು, ಗಾಳಿ ಇಳಿದ ಎರಡು ಬಾಲು. ಅಷ್ಟರಲ್ಲೇ ತಾಲ್ಲೂಕು ಟೀಮು ಕಟ್ಟುತ್ತಿದ್ದರು. ಪ್ರಾಕ್ಟೀಸ್ ಶುರುವಾಗೋದೇ ಎಡಗೈಯಿಂದ. ಬಲಗೈ ಬಳಸಿ ಕಳ್ಳಾಟ ಆಡೋ ಹುಡುಗರ ಬಲಗೈಯನ್ನು ಟವೆಲ್‌ನಿಂದ ಬೆನ್ನ ಹಿಂದೆ ಕಟ್ಟಿಬಿಡೋರು. "ಊಟ ಮಾಡೋ ಕೈ ಯಾವುದಾದ್ರೂ ಇರ್ಲಿ, ಆಡೋಕೆ ಎರಡೂ ಬೇಕು ಕಣ್ರೋ" ಅನ್ನೋರು. ಮಗ ಅನ್ನೋ ಸಲಿಗೆಯಲ್ಲಿ ನಾನು ನೀರು ಕುಡಿಯೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅದರ ಫಲವೇ ಈ 'ಒನ್ ವೇ'.

ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗಡೆಗೆ ಲಕ್ವ. ರಜೆ ಹಾಕಿ ಮೂರು ವಾರ ಊರಲ್ಲಿದ್ದೆ. ಮಾತು ಮೆಲ್ಲಗೆ ವಾಪಸ್ ಬಂತು, ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕಿದರು. ಬಲಗೈ ಮಾತ್ರ ಮಡಿಲಲ್ಲಿ ಯಾರೋ ಇಟ್ಟುಹೋದ ವಸ್ತುವಿನ ಹಾಗೆ ಬಿದ್ದಿತ್ತು. ಫಿಸಿಯೋಥೆರಪಿಸ್ಟ್ ಹುಡುಗಿ, "ಬಲಗೈ ಎಕ್ಸರ್‌ಸೈಜ್ ಬಿಡಬೇಡಿ ಸಾರ್, ಆದ್ರೆ ಅಲ್ಲೀತನಕ ಎಡಗೈಲಿ ಊಟ, ಬರಹ ಅಭ್ಯಾಸ ಮಾಡ್ಕೊಳಿ" ಅಂದಳು. ಅಪ್ಪ ಗೋಡೆ ಕಡೆ ಮುಖ ತಿರುಗಿಸಿದರು. ಅವತ್ತಿನಿಂದ ಅಮ್ಮನೇ ತಿನ್ನಿಸೋದು.

ಆಮೇಲೆ ಬ್ಯಾಂಕಿನಲ್ಲಿ ಪೆನ್ಷನ್ ತೆಗೆಯೋಕೆ ಹೋದಾಗ ಸಹಿ ಕೂಡಲಿಲ್ಲ. ಕೌಂಟರಿನವರು ಏನೂ ಒರಟಾಗಿ ಹೇಳಲಿಲ್ಲ. ಇಂಕ್ ಪ್ಯಾಡ್ ಮುಂದೆ ತಳ್ಳಿ, "ಹೆಬ್ಬೆಟ್ಟು ಒತ್ತಿಬಿಡಿ ಮೇಷ್ಟ್ರೇ" ಅಂದರಂತೆ. ಮೂವತ್ತು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಮನುಷ್ಯ. ದುಡ್ಡು ತೆಗೆಯದೆ ಮನೆಗೆ ಬಂದರಂತೆ.

ನಮ್ಮ ಮಾತಿನಲ್ಲಿ ಎಡಗೈಗೆ ಎಂಥ ಜಾಗ ಕೊಟ್ಟಿದ್ದೀವಿ ನೋಡಿ. ಪ್ರಸಾದ ತಗೊಳ್ಳೋಕೆ ಎಡಗೈ ಚಾಚಿದರೆ ಏಟು. ದುಡ್ಡು ಕೊಟ್ಟರೆ ಅಂಗಡಿಯವನೂ ಮುಖ ಗಂಟಿಕ್ಕುತ್ತಾನೆ. ಎಡವೋದು, ಎಡವಟ್ಟು, ಎಲ್ಲ ಕೆಟ್ಟ ಕೆಲಸದಲ್ಲೂ 'ಎಡ' ಕೇಳಿಸುತ್ತೆ. ಕೋರ್ಟಿನಲ್ಲಿ ಇದನ್ನೆಲ್ಲ ಒಪ್ಪದ ಅಪ್ಪ, ತಟ್ಟೆಯ ಮುಂದೆ ಒಪ್ಪಿಬಿಟ್ಟಿದ್ದರು.

ಇದೆಲ್ಲ ತಲೆಯಲ್ಲಿ ತುಂಬಿಕೊಂಡೇ ಏಪ್ರಿಲ್‌ನ ಒಂದು ಶನಿವಾರ ಸ್ಪ್ರಿಂಗ್‌ಫೀಲ್ಡ್‌ಗೆ ಹೊರಟಿದ್ದು. ಬಾಸ್ಕೆಟ್‌ಬಾಲ್ ಹುಟ್ಟಿದ ಊರು ಇದು. 1891ರ ಡಿಸೆಂಬರ್. ಹೊರಗೆ ಹಿಮ, ಒಳಗೆ ಬೇಸತ್ತ ವಿದ್ಯಾರ್ಥಿಗಳು. ಇಲ್ಲಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ, ಕೆನಡಾದಿಂದ ಬಂದ ಜೇಮ್ಸ್ ನೈಸ್ಮಿತ್‌ಗೆ ಒಳಾಂಗಣದ ಆಟವೊಂದನ್ನು ಹುಡುಕು ಅಂತ ಮೇಲಿನವರು ಕೊಟ್ಟದ್ದು ಹದಿನಾಲ್ಕು ದಿನ. ಅಂದರೆ ನಮ್ಮ ಎರಡು ವಾರದ ಸ್ಪ್ರಿಂಟ್! ಆತ ಡಬ್ಬ ಕೇಳಿದರೆ ಜವಾನ ಪೀಚ್ ಹಣ್ಣಿನ ಬುಟ್ಟಿ ತಂದುಕೊಟ್ಟ. ಅದನ್ನು ಬಾಲ್ಕನಿಯ ಕಟಕಟೆಗೆ ಹೊಡೆದರು. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ನಮ್ಮ ಹೈಸ್ಕೂಲಿನ ರಿಂಗೂ ಅದೇ ಕಾರಣಕ್ಕೆ ಹತ್ತು ಅಡಿ. ಒಂದೊಂದು ಕಡೆ ಒಂಬತ್ತು ಜನ, ಕೈಯಲ್ಲಿ ಫುಟ್‌ಬಾಲ್. ಮೊದಲ ಪಂದ್ಯದ ಸ್ಕೋರು 1-0.

ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಮೊದಲನೆಯದೇ ನನ್ನ ಪಾಲಿಗೆ ಪಾಠ: ಬಾಲನ್ನು ಒಂದು ಕೈಯಲ್ಲಾದರೂ ಎಸೆಯಬಹುದು, ಎರಡರಲ್ಲಾದರೂ ಎಸೆಯಬಹುದು. ಯಾವ ಕೈ ಅಂತ ಆತ ಕೇಳಲೇ ಇಲ್ಲ.

ಸ್ಟೇಷನ್ನಿನಿಂದ ನಡೆದೇ ಹಾಲ್ ಆಫ್ ಫೇಮ್ ತಲುಪಿದೆ. ನದಿ ಪಕ್ಕ, ಹೈವೇಗೆ ಅಂಟಿಕೊಂಡು ನಿಂತ ದೊಡ್ಡ ಗುಂಡನೆಯ ಕಟ್ಟಡ. ದೂರದಿಂದ ನೋಡಿದರೆ ಬಾಲೇ. ಗುಮ್ಮಟದ ಒಳಗೆ ಸುತ್ತಲೂ ದೊಡ್ಡ ಆಟಗಾರರ ಚಿತ್ರಗಳು. ಹನ್ನೊಂದು ಸಲ ಚಾಂಪಿಯನ್ ಆದ ಬಿಲ್ ರಸೆಲ್ ಎಡಚರು. ಲ್ಯಾರಿ ಬರ್ಡ್ ಬರೆಯೋದು ಎಡಗೈಯಲ್ಲಿ, ಶೂಟ್ ಮಾಡುತ್ತಿದ್ದುದು ಬಲಗೈಯಲ್ಲಿ. 1986ರ ಫೆಬ್ರವರಿ 14ರಂದು ಪೋರ್ಟ್‌ಲ್ಯಾಂಡ್ ವಿರುದ್ಧ ಬರ್ಡ್ ಬೇಕುಬೇಕಂತಲೇ ಎಡಗೈಯಿಂದ ಒಂದಾದ ಮೇಲೊಂದು ಬಾಸ್ಕೆಟ್ ಹಾಕಿ, ಒಟ್ಟು 47 ಪಾಯಿಂಟ್ ಗಳಿಸಿದ್ದರು. ಈ ಕಥೆ ಅಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದೆ.

ಕಟ್ಟಡದ ನಡುವೆ ನಿಜವಾದ ಕೋರ್ಟ್ ಇದೆ. ಬಂದವರೆಲ್ಲ ಆಡಬಹುದು. ಮಕ್ಕಳು, ಅಜ್ಜಂದಿರು, ಜೀನ್ಸ್ ಹಾಕಿದ ಪ್ರವಾಸಿಗರು, ಎಲ್ಲರೂ ಬಾಲ್ ಎಸೀತಿದ್ದರು. ನಾನೂ ಒಂದು ಬಾಲ್ ಹಿಡಿದು ಎಡಗಡೆಯ ರಿಂಗಿನ ಹತ್ತಿರ ಹೋದೆ.

ಎಡಗೈ ಲೇಅಪ್ ಕಷ್ಟ ಆಗೋದು ಕೈಯಲ್ಲಿ ಶಕ್ತಿ ಇಲ್ಲದೆ ಅಲ್ಲ. ಬಾಲಿನ ತೂಕ ಆರುನೂರು ಗ್ರಾಂ ಚಿಲ್ಲರೆ, ಅಷ್ಟೇ. ಆದರೆ ಎಡಗಡೆಯಿಂದ ನುಗ್ಗಿ ಬಲಗೈಯಲ್ಲಿ ಎತ್ತಿದರೆ ಬಾಲು ಸೀದಾ ಎದುರಾಳಿಯ ಕೈಗೆ ಹತ್ತಿರ ಹೋಗುತ್ತೆ. ಎಡಗೈಯಲ್ಲಿದ್ದರೆ ಇಡೀ ಮೈ ನಡುವೆ ಗೋಡೆಯ ಹಾಗೆ ನಿಲ್ಲುತ್ತೆ. ಇದು ಬುದ್ಧಿಗೆ ಗೊತ್ತು, ಮೈಗೆ ಗೊತ್ತಿಲ್ಲ. ಮೊದಲನೇದು ಬೋರ್ಡಿನ ಹಿಂದಕ್ಕೆ ಹೋಯ್ತು. ಎರಡನೇದು ರಿಂಗಿನ ಅಡಿಗೆ ಬಡಿದು ನನ್ನ ತಲೆಗೇ ಬಂತು. ಒಬ್ಬ ಪುಟ್ಟ ಹುಡುಗ ಪಾಪ ಅನ್ನೋ ಹಾಗೆ ನೋಡಿದ.

ಹನ್ನೊಂದು ಗಂಟೆ. ಊರಲ್ಲಿ ರಾತ್ರಿ ಎಂಟೂವರೆ. ವಿಡಿಯೋ ಕಾಲ್ ಮಾಡಿದೆ. ಅಮ್ಮ ಆಗಷ್ಟೇ ಅಪ್ಪನಿಗೆ ಊಟ ಮಾಡಿಸಿ ಬಾಯಿ ಒರೆಸುತ್ತಿದ್ದಳು. "ಎಲ್ಲಿದ್ದೀನಿ ನೋಡಿ" ಅಂತ ಫೋನನ್ನು ಸುತ್ತಲೂ ತಿರುಗಿಸಿದೆ. ಅಪ್ಪನ ಕಣ್ಣು ದೊಡ್ಡದಾಯಿತು. ಫೋನನ್ನು ಬ್ಯಾಗಿಗೆ ಒರಗಿಸಿಟ್ಟು ಇನ್ನೊಂದು ಸಲ ನುಗ್ಗಿದೆ. ಮತ್ತೆ ಮಿಸ್.

"ಕೈ ಅಲ್ಲ ಕಣೋ," ತೊದಲುತ್ತಾ ಅಪ್ಪ ಅಂದರು. "ಕಾಲು. ಬಲಗಾಲಲ್ಲಿ ಎಗರು. ಎಡ ಮಂಡಿ ಮೇಲೆ."

ಹೌದಲ್ಲ! ಎಡಗೈ ಎತ್ತುವಾಗಲೂ ನಾನು ಅಭ್ಯಾಸ ಬಲದಿಂದ ಎಡಗಾಲಿನಲ್ಲೇ ಎಗರುತ್ತಿದ್ದೆ. ಬಾಲ್ ಕೆಳಗಿಟ್ಟು ಬರೀ ಹೆಜ್ಜೆ ಹಾಕಿದೆ. ಎಡ, ಬಲ, ಎಗರು. ಎಡ, ಬಲ, ಎಗರು. ಹತ್ತು ಸಲ ಹೀಗೆ ಮಾಡಿ ಬಾಲ್ ಎತ್ತಿಕೊಂಡೆ. "ಚೌಕದ ಮೂಲೆ ನೋಡು, ಬಾಲ್ ನೋಡಬೇಡ." ಬೋರ್ಡಿನ ಚೌಕದ ಮೇಲಿನ ಮೂಲೆಗೆ ಮೆಲ್ಲಗೆ ತಾಗಿ ಒಳಗೆ ಬಿತ್ತು. ಆ ಪುಟ್ಟ ಹುಡುಗ ಚಪ್ಪಾಳೆ ತಟ್ಟಿದ. ಅಪ್ಪನೂ ನಕ್ಕರು, ಬಾಯಿಯ ಒಂದೇ ಬದಿಯಲ್ಲಿ.

ಆ ಖುಷಿಯಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. "ನಾನು ಶುರು ಮಾಡಿದೆ ಅಪ್ಪಾ. ನೀವು ಯಾವಾಗ?" ಅಂದೆ.

ನಗು ನಿಂತಿತು. "ನೆಟ್‌ವರ್ಕ್ ಸರಿ ಇಲ್ಲ," ಅಂದರು ಅಪ್ಪ. ಅಮ್ಮ ಏನೂ ಹೇಳದೆ ಕಾಲ್ ಕಟ್ ಮಾಡಿದಳು. ನೆಟ್‌ವರ್ಕ್ ಚೆನ್ನಾಗೇ ಇತ್ತು.

ವಾಪಸ್ ಬರುವಾಗ ರೈಲಿನಲ್ಲಿ ನನ್ನನ್ನೇ ಬೈದುಕೊಂಡೆ. ಮೂವತ್ತರ ಮೈಗೆ ಆಟ ಕಲಿಯೋದಕ್ಕೂ, ಅರವತ್ತು ದಾಟಿದವರು ಇದ್ದ ಕೈ ಕಳಕೊಂಡು ಇನ್ನೊಂದು ಕೈಗೆ ಅಕ್ಷರ ಕಲಿಸೋದಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ? ನನ್ನದು ಮಿಸ್ ಆದರೆ ಬಾಲ್ ವಾಪಸ್ ಬರುತ್ತೆ. ಅವರದು ತಟ್ಟೆಯಿಂದ ಮಡಿಲಿಗೆ ಬೀಳುತ್ತೆ, ಸೊಸೆ, ನೆಂಟರ ಎದುರಿಗೆ. ಎರಡು ವಾರ ಆ ವಿಷಯ ಎತ್ತಲಿಲ್ಲ. ಬೆಳಗ್ಗೆ ಕೆಲಸಕ್ಕೆ ಮುಂಚೆ ಅರ್ಧ ಗಂಟೆ ರಿಂಗಿನ ಕೆಳಗೆ ನಿಂತು ಒಂದು ಬಲ, ಒಂದು ಎಡ, ಬಾಲ್ ನೆಲಕ್ಕೆ ಬೀಳದ ಹಾಗೆ ಹಾಕುತ್ತಿದ್ದೆ. ಜಾರ್ಜ್ ಮೈಕನ್ ಅನ್ನೋ ಹಳೇ ಆಟಗಾರನ ಹೆಸರಿನ ಡ್ರಿಲ್ ಅದು. ಊರಲ್ಲಿ ನೀರು ಕುಡಿಯೋ ನೆಪದಲ್ಲಿ ತಪ್ಪಿಸಿಕೊಂಡದ್ದೂ ಅದನ್ನೇ.

ಮೂರನೇ ವಾರ ಅಮ್ಮ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದಳು. ನಾಲ್ಕು ಗೆರೆಯ ಕಾಪಿ ಪುಸ್ತಕ. ಪುಟದ ತುಂಬ ಅಪ್ಪನ ಸಹಿ. ಮೇಲಿನ ಸಾಲು ಕೋಳಿ ಕೆದಕಿದ ಹಾಗೆ, ಗೆರೆ ಬಿಟ್ಟು ಓಡಿತ್ತು. ಕೊನೆಯ ಸಾಲಿನಲ್ಲಿ ಹೆಸರು ಓದಬಹುದಿತ್ತು. ಕಾಲ್ ಮಾಡಿದೆ.

"ದಿನಾ ನಾನು ಹಿತ್ತಲಿಗೆ ಹೋದಾಗ ಬರೀತಾರೆ ಕಣಪ್ಪ. ನೋಡಿದ್ರೆ ಪುಸ್ತಕ ಮುಚ್ತಾರೆ," ಅಂದಳು ಅಮ್ಮ ಪಿಸುಮಾತಿನಲ್ಲಿ. "ಬ್ಯಾಂಕಿಗೆ ಹೊಸ ಸಹಿ ಕೊಡಬೇಕಂತೆ."

"ಊಟ?"

"ಊಟ ಇನ್ನೂ ನಾನೇ ತಿನ್ನಿಸ್ಬೇಕು. ಅದಕ್ಕೆ ಮಾತ್ರ ಬಿಲ್‌ಕುಲ್ ಒಪ್ತಿಲ್ಲ."

ಇರಲಿ. ಆ ಭಾನುವಾರ ಪಾರ್ಕಿನಲ್ಲಿ ನಾನು ಎಡಕ್ಕೆ ನುಗ್ಗಿದೆ. ಎದುರಾಳಿ ಬಲಗಡೆ ನಿಂತೇ ಇದ್ದ. ಬಾಲ್ ರಿಂಗಿಗೆ ಬಡಿದು ಆಚೆ ಹೋಯ್ತು. ಕಾಲು ಮಾತ್ರ ಸರಿಯಾಗಿತ್ತು.