ಎರಡು ಕೊಡಗಳು

ಹುಬ್ಬಳ್ಳಿಯ ಅಂಚಿನ ಗಬ್ಬೂರಿನಲ್ಲಿ ಹೆದ್ದಾರಿಯ ಲಾರಿಗಳ ಸದ್ದು ರಾತ್ರಿಯೂ ನಿಲ್ಲುವುದಿಲ್ಲ. ಅಲ್ಲಿಯ ಒಂದು ಮನೆಯ ಪಡಸಾಲೆಯಲ್ಲಿ, ಒಂದು ಸಂಜೆ, ಇಬ್ಬರು ಆರಿಸುವ ಕೆಲಸದಲ್ಲಿ ತೊಡಗಿದ್ದರು. ಅಜ್ಜಿ ಮರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಧಾರವಾಡದಲ್ಲಿ ಎಂ.ಎಸ್‌ಸಿ. ಓದುತ್ತಿದ್ದ ಮೊಮ್ಮಗಳು ಗಣಕಯಂತ್ರದ ತೆರೆಯ ಮೇಲೆ ಹಿಮೊಗ್ಲೋಬಿನ್ ಅಣುವಿನ ಚಿತ್ರವನ್ನು ತಿರುಗಿಸಿ ನೋಡುತ್ತಿದ್ದಳು. ಮರುದಿನ ತರಗತಿಯಲ್ಲಿ ಅದರ ಒಂದು ಮೂಲೆಯನ್ನು ಆಕೆ ತೋರಿಸಿ ವಿವರಿಸಬೇಕಾಗಿತ್ತು.

ರಕ್ತಕ್ಕೆ ಕೆಂಪು ಬಣ್ಣವನ್ನು ಕೊಟ್ಟು, ಆಮ್ಲಜನಕವನ್ನು ಹೊತ್ತೊಯ್ಯುವ ಈ ಅಣು ನಾಲ್ಕು ಸರಪಳಿಗಳ ಕೂಟ. 141 ಅಮೈನೊ ಆಮ್ಲಗಳ ಆಲ್ಫಾ ಸರಪಳಿಗಳು ಎರಡು. 146ರ ಬೀಟಾ ಸರಪಳಿಗಳು ಎರಡು. ಜಲಜನಕವನ್ನು ಬಿಟ್ಟು ಎಣಿಸಿದರೂ ಪರಮಾಣುಗಳು 4,000ಕ್ಕೂ ಮಿಕ್ಕಿವೆ. ಇದರ ಆಕಾರವನ್ನರಿಯಲು ಮ್ಯಾಕ್ಸ್ ಪೆರುಟ್ಜ್ ಎಂಬ ವಿಜ್ಞಾನಿಗೆ ಇಪ್ಪತ್ತು ವರುಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1962ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇಂದಾದರೋ, 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರದಿಂದ ಯಾರು ಬೇಕಾದರೂ ಅದನ್ನು ಕಾಸಿಲ್ಲದೆ ಪಡೆಯಬಹುದು.

ಮೊಮ್ಮಗಳು ಹುಡುಕುತ್ತಿದ್ದುದು ಬೀಟಾ ಸರಪಳಿಯ ಆರನೆಯ ಸ್ಥಾನವನ್ನು. ಅಲ್ಲಿರಬೇಕಾದದ್ದು ಗ್ಲುಟಾಮಿಕ್ ಆಮ್ಲ. ಅದರ ಬದಲು ವ್ಯಾಲೀನ್ ಬಂದು ಕುಳಿತರೆ, ಆಮ್ಲಜನಕವನ್ನು ಬಿಟ್ಟುಕೊಟ್ಟ ಅಣುಗಳು ಒಂದಕ್ಕೊಂದು ಅಂಟಿ ನಾರುಗಳಾಗುತ್ತವೆ. ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಸಹಿಸಲಾಗದ ನೋವನ್ನು ಕೊಡುತ್ತದೆ. ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1949ರಲ್ಲಿಯೇ ಇದನ್ನು ಅಣುವಿನ ರೋಗವೆಂದು ಕರೆದರು. ವರ್ನನ್ ಇಂಗ್ರಾಮ್ 1957ರ ಹೊತ್ತಿಗೆ ಆ ಒಂದೇ ಅದಲುಬದಲನ್ನು ಗುರುತಿಸಿ ತೋರಿಸಿದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಈ ನೋವು ಅಪರಿಚಿತವಲ್ಲ.

‘ಆರನೆಯದನ್ನು ಆರಿಸು’ ಎಂದು ಆಕೆ ಪೈಮಾಲ್ ಎಂಬ ತಂತ್ರಾಂಶಕ್ಕೆ ಆಜ್ಞೆಯಿತ್ತಳು. ನಾಲ್ಕು ಕಡೆ ಗುಲಾಬಿ ಚುಕ್ಕೆಗಳು ಮೂಡಿದವು. ಹೌದು, ಪ್ರತಿ ಸರಪಳಿಗೂ ಆರನೆಯದೊಂದು ಇದ್ದೇ ಇರುತ್ತದೆ! ಆಲ್ಫಾದಲ್ಲಿ ಆ ಸ್ಥಾನದಲ್ಲಿರುವುದು ಆಸ್ಪಾರ್ಟಿಕ್ ಆಮ್ಲ. ಅದಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ. ಬೀಟಾ ಸರಪಳಿಗಳಿಗೆ ಆ ಕಡತದಲ್ಲಿ ಬಿ, ಡಿ ಎಂದು ಹೆಸರು. ‘ಸರಪಳಿ ಬಿ ಮತ್ತು ಸರಪಳಿ ಡಿ ಮತ್ತು ಆರನೆಯದು’ ಎಂದು ಬರೆದಳು. ಯಂತ್ರದ ಉತ್ತರ ಸೊನ್ನೆ. ಮತ್ತೆ ಬರೆದಳು, ಮತ್ತೆ ಸೊನ್ನೆ.

“ಯಾಕವ್ವಾ, ಮಾರಿ ಸಣ್ಣದು ಮಾಡ್ಕೊಂಡು ಕುಂತೀ?” ಎಂದಳು ಅಜ್ಜಿ. “ಅದು ಇರ್ಲಿ, ಒಳಗ ಹೋಗಿ ತಾಮ್ರದ ಕೊಡಾನೂ ಹಿತ್ತಾಳಿ ಕೊಡಾನೂ ತಗೊಂಡ ಬಾ. ನಳ ಬರೂ ಹೊತ್ತಾತು.”

ಮೊಮ್ಮಗಳು ಎರಡು ಕೊಡಗಳನ್ನೂ ಎತ್ತಿಕೊಂಡು ಬಂದವಳು ಹೊಸ್ತಿಲಲ್ಲಿಯೇ ನಿಂತಳು. ಅಜ್ಜಿಯ ‘ಊ’ ಒಂದರೊಡನೆ ಇನ್ನೊಂದನ್ನು ಕೂಡಿಸುತ್ತದೆ. ಯಂತ್ರದ ‘ಮತ್ತು’ ಹಾಗಲ್ಲ. ಅದು ಒಂದೊಂದೇ ಪರಮಾಣುವನ್ನು ನಿಲ್ಲಿಸಿ, ‘ನೀನು ಬಿ ಮನೆಯವನೋ? ಡಿ ಮನೆಯವನೂ ಹೌದೋ?’ ಎಂದು ಕೇಳುತ್ತದೆ. ಎರಡು ಮನೆಗಳಲ್ಲಿ ಇರುವವನು ಒಬ್ಬನೂ ಇಲ್ಲ. ಯಂತ್ರವೇ ಅಡಿಗೆಮನೆಗೆ ಹೋಗಿದ್ದರೆ, ತಾಮ್ರದ್ದೂ ಆಗಿ ಹಿತ್ತಾಳೆಯದೂ ಆದ ಒಂದೇ ಕೊಡವನ್ನು ಹುಡುಕಿ ಬರಿಗೈಯಲ್ಲಿ ಮರಳುತ್ತಿತ್ತು!

ಕೊಡಗಳನ್ನಿಳಿಸಿ, ‘ಬಿ ಅಥವಾ ಡಿ’ ಎಂಬುದನ್ನು ಆವರಣದಲ್ಲಿಟ್ಟು, ‘ಮತ್ತು ಆರನೆಯದು’ ಎಂದು ಸೇರಿಸಿದಳು. ಎರಡೇ ತಾಣಗಳು ಬೆಳಗಿದವು. ಎರಡೂ ಅಣುವಿನ ಹೊರಮೈಯಲ್ಲಿದ್ದವು. ನೆರೆಯ ಅಣುವಿಗೆ ಅಂಟುವ ಅವಕಾಶ ವ್ಯಾಲೀನಿಗೆ ಎಲ್ಲಿಂದ ಬಂದಿತೆಂಬುದು ಆಗ ಆಕೆಗೆ ಕಣ್ಣಾರೆ ತಿಳಿಯಿತು.

ಸೊನ್ನೆ ಬಂದಾಗ ಆಕೆ ಬೇಸರಗೊಂಡಿದ್ದಳು. ಆದರೆ ಅಂಜಬೇಕಾದದ್ದು ಮೊದಲು ಬಂದ ನಾಲ್ಕಕ್ಕೆ. ಸೊನ್ನೆ ತನ್ನ ತಪ್ಪನ್ನು ತಾನೇ ಸಾರುತ್ತದೆ. ನಾಲ್ಕು ಚುಕ್ಕೆಗಳು ಸುಂದರವಾಗಿ ಹೊಳೆಯುತ್ತ, ನಿರಪರಾಧಿಯಾದ ಆಲ್ಫಾವನ್ನೂ ತರಗತಿಯೆದುರು ಅಪರಾಧಿಯಾಗಿ ನಿಲ್ಲಿಸಿಬಿಡುತ್ತಿದ್ದವು. ಯಂತ್ರ ತಪ್ಪೆಂದು ಹೇಳುತ್ತಿರಲಿಲ್ಲ. ಕೇಳಿದ್ದನ್ನು ಅದು ಸರಿಯಾಗಿಯೇ ಕೊಟ್ಟಿತ್ತು.

ಅಜ್ಜಿ ತೆರೆಯತ್ತ ಬಾಗಿ ನೋಡಿದಳು. “ಇಷ್ಟ ಸಣ್ಣದರಿಂದ ಅಷ್ಟ ದೊಡ್ಡ ಬ್ಯಾನಿ ಏನು?”

“ಹೂಂ ಆಯಿ.”

“ಖರೇ ಇದ್ದೀತು,” ಎಂದು ಅಜ್ಜಿ ಮರದೊಳಗಿನ ಒಂದು ಹರಳನ್ನು ಉಗುರಿನಿಂದ ಆರಿಸಿ ಅಂಗಳಕ್ಕೆಸೆದಳು. “ಇದೊಂದು ಉಳಿದಿದ್ರ ಹಲ್ಲು ಹೋಗ್ತಿತ್ತು.”

ಹೊರಗೆ ನಳದಲ್ಲಿ ನೀರು ಬಂದ ಸದ್ದಾಯಿತು. ಮೊಮ್ಮಗಳು ಎರಡೂ ಕೊಡಗಳನ್ನು ಎತ್ತಿಕೊಂಡು ಹೊರನಡೆದಳು.