ಗುಳೆ ಮತ್ತು ಗುಳಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದರೆ ದೂರದವರಿಗೆ ನಿಂಬೆಹಣ್ಣು, ಬಿಳಿಜೋಳ, ಬಸವಣ್ಣ ನೆನಪಾಗಬಹುದು. ನಮಗೆ ದೀಪಾವಳಿ ಮುಗಿದೊಡನೆ ಓಣಿಯ ಬಾಯಿಗೆ ಬಂದು ನಿಲ್ಲುವ ಟ್ರ್ಯಾಕ್ಟರೂ ನೆನಪಾಗುತ್ತದೆ. ಹಿಟ್ಟಿನ ಡಬ್ಬಿ, ಹಾಸಿಗೆ, ಕೋಳಿ, ಕೂಸು ಎಲ್ಲ ಅದರ ಮೇಲೆ. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೆಲವರು ಗಾರೆ ಕೆಲಸಕ್ಕೆ ಗೋವಾಕ್ಕೆ, ಬೆಂಗಳೂರಿಗೆ. ಇದೇ ಗುಳೆ. ಕಬ್ಬಿನ ಮುಕಾದಮನ ಲೆಕ್ಕದಲ್ಲಿ ಗಂಡಹೆಂಡತಿ ಸೇರಿ ಒಂದು ‘ಕೋಯ್ತಾ’. ಮಕ್ಕಳು ಯಾವ ಲೆಕ್ಕಕ್ಕೂ ಇಲ್ಲ.

ಕ್ಷಯ ಮಾತ್ರ ಅವರನ್ನು ಮರೆಯುವುದಿಲ್ಲ. ಮಕ್ಕಳಿಗೆ ಅದು ಬರುವುದು ಬಹುಮಟ್ಟಿಗೆ ಜೊತೆಯಲ್ಲಿ ಮಲಗುವ ದೊಡ್ಡವರ ಕೆಮ್ಮಿನಿಂದ. ಕಿಟಕಿಯಿಲ್ಲದ ಜೋಪಡಿ, ಐದಾರು ಜನ, ಅರೆಹೊಟ್ಟೆ ಊಟ. ಇನ್ನೇನು ಬೇಕು ಅದಕ್ಕೆ? ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆ ಮಿದುಳಿಗೆ ಹತ್ತುವಂಥ ಘೋರ ಕ್ಷಯದಿಂದ ಎಳೆಯ ಮಕ್ಕಳನ್ನು ಬಹಳಷ್ಟು ಕಾಯುತ್ತದೆ, ಎಲ್ಲ ಕ್ಷಯದಿಂದಲ್ಲ.

2022ರ ಯುಗಾದಿಗೆ ಗುಳೆಯಿಂದ ತಿರುಗಿ ಬಂದ ನನ್ನ ಮೂರನೆಯ ಇಯತ್ತೆಯ ಹುಡುಗಿಗೆ ಕೆಮ್ಮೇನೂ ಇರಲಿಲ್ಲ. ಹಿಂದಿನ ವರ್ಷದ ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೆ. ಕೆಮ್ಮುತ್ತಿದ್ದವನು ಅಪ್ಪ. ಮಳೆಗಾಲದಲ್ಲಿ ಅವನ ಕಫ ಪರೀಕ್ಷೆಯಾಗಿ ಟೀಬಿ ಎಂದು ಗೊತ್ತಾದಾಗ ಮನೆಮಂದಿಯನ್ನೆಲ್ಲ ನೋಡಿದರು. ಹುಡುಗಿಯ ಕುತ್ತಿಗೆಯಲ್ಲಿ ಗಂಟು ಸಿಕ್ಕಿತು. ಸೂಜಿಯಿಂದ ತೆಗೆದು ಪರೀಕ್ಷಿಸಿದರೆ ಅದೂ ಕ್ಷಯವೇ. ರೋಗವಿಲ್ಲದ ಚಿಕ್ಕ ತಮ್ಮನಿಗೆ ಬಾರದಂತೆ ತಡೆಯುವ ಗುಳಿಗೆ ಕೊಟ್ಟರು.

ಅವ್ವ ಅಂದೇ ಸಂಜೆ ನಮ್ಮ ಮನೆಗೆ ಬಂದಳು. “ಅಕ್ಕೋರ, ಯಾರ ಮುಂದೂ ಅನಬ್ಯಾಡ್ರಿ. ಹೆಣ್ಣ ಹುಡುಗಿ ಐತಿ, ನಾಳೆ ಲಗ್ನ ಆಗಬೇಕ್ರಿ” ಎಂದಳು. ಗುಳಿಗೆಯ ಹಾಳೆಗಳನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳಂತೆ. “ಗಂಟಿನ ಟೀಬಿ ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲವಾ, ಗುಳಿಗಿ ತಪ್ಪಿಸಿದರ ಮಾತ್ರ ಕೆಡತೈತಿ” ಎಂದೆ. ಕೇಳಿಸಿಕೊಂಡಳು. ಅಂಜಿಕೆ ಹೋಗಲಿಲ್ಲ.

ನಮ್ಮಜ್ಜಿಯ ಕಾಲದಲ್ಲಿ ಈ ಬ್ಯಾನಿಯವರು ಮಿರಜ ಸಮೀಪದ ವಾನ್ಲೆಸ್‌ವಾಡಿಯಂಥ ಕಡೆ ತಿಂಗಳುಗಟ್ಟಲೆ ಇರಬೇಕಿತ್ತು. 1959ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವೊಂದು, ಮನೆಯಲ್ಲೇ ಇದ್ದು ಔಷಧ ತೆಗೆದುಕೊಂಡರೂ ಆರೋಗ್ಯಧಾಮದಲ್ಲಿದ್ದಷ್ಟೇ ಚೆನ್ನಾಗಿ ಗುಣವಾಗುತ್ತದೆಂದು ತೋರಿಸಿತು. ಬಡವರಿಗೆ ಅದೆಷ್ಟು ದೊಡ್ಡ ಉಪಕಾರ! ಆದರೆ ಮನೆಯೇ ಕಬ್ಬಿನ ಹಿಂದೆ ಊರೂರು ತಿರುಗುವವರು ಏನು ಮಾಡಬೇಕು?

ಚಿಕಿತ್ಸೆ ಆರು ತಿಂಗಳು. ಮೊದಲೆರಡು ತಿಂಗಳು ನಾಲ್ಕು ಔಷಧ, ಆಮೇಲಿನ ನಾಲ್ಕು ತಿಂಗಳು ಮೂರು. ಆಗಸ್ಟಿನಲ್ಲಿ ಸುರುವಾದದ್ದು ದೀಪಾವಳಿಯ ಹೊತ್ತಿಗೆ ಅರ್ಧ ದಾರಿಯಲ್ಲಿತ್ತು. ಗಂಟು ಇಳಿದಿತ್ತು, ಹುಡುಗಿ ಎರಡು ರೊಟ್ಟಿ ಉಣ್ಣುತ್ತಿದ್ದಳು. “ಆರಾಮ ಆಗ್ಯಾಳಲ್ರಿ” ಎಂದ ಅಪ್ಪ. ಮುಕಾದಮನಿಂದ ಪಡೆದ ಮುಂಗಡ ಆಗಲೇ ಮಾಳಿಗೆಗೆ, ಸಾಲಕ್ಕೆ ಖರ್ಚಾಗಿತ್ತು. ಹೋಗದೆ ಗತಿಯಿರಲಿಲ್ಲ.

ಆಸ್ಪತ್ರೆಯ ಕಾರ್ಯಕರ್ತೆ ಬಂದು ಬಿಡಿಸಿ ಹೇಳಿದರು. ‘ನಿಕ್ಷಯ’ದಲ್ಲಿ ಹೆಸರು ದಾಖಲಾಗಿರುವುದರಿಂದ ಚಿಕಿತ್ಸೆಯನ್ನು ಬೇರೆ ರಾಜ್ಯಕ್ಕೂ ವರ್ಗ ಮಾಡಬಹುದು, ಔಷಧಕ್ಕೆ ದುಡ್ಡಿಲ್ಲ. ಅಪ್ಪನ ಚಿಕಿತ್ಸೆಯನ್ನು ಹಾಗೇ ವರ್ಗ ಮಾಡಿದರು. ಮಕ್ಕಳ ವಿಷಯ ಬಂದಾಗ ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಕಡೆಗೆ, “ನಸುಕಿನಾಗ ನಾಕಕ್ಕ ಫಡಕ್ಕ ಹೋಗತೀನ್ರಿ. ಅಲ್ಲಿ ಗುಳಿಗಿ ಯಾರು ಕೊಡಬೇಕ್ರಿ?” ಎಂದು ತಾನೇ ಕೇಳಿ, ಇಬ್ಬರನ್ನೂ ಅತ್ತೆಯ ಹತ್ತಿರ ಬಿಟ್ಟು ಟ್ರ್ಯಾಕ್ಟರ್ ಹತ್ತಿದಳು.

ಆ ಮುದುಕಿಗೆ ಅಕ್ಷರ ಬಾರದು. ಗೋಡೆಯ ಮೇಲೆ ದಿನಕ್ಕೊಂದು ಇದ್ದಿಲ ಗೆರೆ ಎಳೆದಳು. ಆಗ ಸರಕಾರ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಆ ಹಣದಲ್ಲಿ ಮುದುಕಿ ಶೇಂಗಾ, ತತ್ತಿ ತರುತ್ತಿದ್ದಳು. ಎಳ್ಳಮಾಸಿಗೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವಾಗ ಹುಡುಗಿ ಸಜ್ಜೆ ಕಡಬು ಮುಟ್ಟದೆ ಅವ್ವನಿಗಾಗಿ ಅತ್ತಳು. ಮರುದಿನ ಗುಳಿಗೆ ಮಾತ್ರ ತಪ್ಪಲಿಲ್ಲ. ಫೆಬ್ರುವರಿಯಲ್ಲಿ ಗೆರೆಗಳು ಮುಗಿದವು.

ಗುಣವಾದಳೆಂಬ ಸುದ್ದಿ ಅವ್ವನಿಗೆ ಮುಟ್ಟಿದ್ದು ನನ್ನ ಫೋನಿನಲ್ಲಿ. ಆಚೆ ಕಡೆ ಕಬ್ಬಿನ ಸಿಪ್ಪೆಯ ಸರಸರ ಸಪ್ಪಳ. “ತೂಕ ಎಷ್ಟಾಗ್ಯಾಳ್ರಿ ಅಕ್ಕೋರ?” ಎಂದು ಕೇಳಿದಳು. ಹೇಳಿದೆ. ಇನ್ನೊಮ್ಮೆ ಹೇಳಿರಿ ಎಂದಳು.