ದೂಧಗಂಗೆಯ ದಂಡೆಯ ಓಟ

ನಿಪ್ಪಾಣಿ ತಾಲೂಕಿನ ನಮ್ಮ ಬೋರಗಾಂವದಲ್ಲಿ ಚಳಿಗಾಲವೆಂದರೆ ಕಬ್ಬಿನ ಸುಗ್ಗಿ. ನಸುಕಿನಲ್ಲಿ ದೂಧಗಂಗಾ ನದಿಯ ಕಡೆಯಿಂದ ಮಂಜು ಬಂದು ಹೊಲಗಳ ಮೇಲೆ ಕೂತಿರುತ್ತದೆ. ಬೀಡ ಜಿಲ್ಲೆಯಿಂದ ಬಂದ ಕಬ್ಬು ಕಡಿಯುವ ಗ್ಯಾಂಗಿನವರು ಗುಡಾರಗಳ ಮುಂದೆ ಒಲೆ ಹೊತ್ತಿಸಿರುತ್ತಾರೆ. ಆ ಹೊತ್ತಿಗೆ ನಾವು ಹೊರಡುತ್ತೇವೆ. ಓಡುವವರು ಮೊಮ್ಮಗಳು ಮತ್ತು ನಮ್ಮ ಮುಧೋಳ ನಾಯಿ ರಾಣಿ. ನಾನು ಹಿಂದೆ ಸೈಕಲ್ ಮೇಲೆ, ಕೊರಳಿಗೆ ಮಫ್ಲರ್ ಸುತ್ತಿಕೊಂಡು.

ಮೊಮ್ಮಗಳಿಗೆ ಸೇನಾ ಪೊಲೀಸ್ ದಳ ಸೇರುವಾಸೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಕೇಂದ್ರದಿಂದ 83 ಹೆಣ್ಣುಮಕ್ಕಳ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದದ್ದನ್ನು ಓದಿದಾಗಿನಿಂದ ಅದೇ ಮಾತು. ಭರ್ತಿಯಲ್ಲಿ ಹುಡುಗಿಯರು 1600 ಮೀಟರನ್ನು ಏಳೂವರೆ ನಿಮಿಷದೊಳಗೆ ಓಡಿದರೆ ಮೇಲಿನ ಗುಂಪು, ಎಂಟು ನಿಮಿಷದೊಳಗೆ ಓಡಿದರೆ ಅದರ ಕೆಳಗಿನದು. ಮಕ್ಕಳೇ, ಲೆಕ್ಕ ಹಾಕಿ: ಏಳೂವರೆ ನಿಮಿಷವೆಂದರೆ 450 ಸೆಕೆಂಡು. ನಾಲ್ಕು ಸುತ್ತಿಗೆ ಹಂಚಿದರೆ 400 ಮೀಟರಿಗೆ 112 ಸೆಕೆಂಡು, ಮೇಲೆ ಅರ್ಧ. ಬ್ಯಾಂಕಿನಲ್ಲಿ ಪೈಸೆಪೈಸೆ ತಾಳೆ ನೋಡಿದ ನನಗೆ ಆ ಅರ್ಧವೂ ಕಾಣುತ್ತದೆ.

ಡಾಂಬರು ರಸ್ತೆ ನಮಗೆ ಬೇಡ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಬರುತ್ತವೆ, ಕೆಲವಕ್ಕೆ ಹಿಂದೆ ದೀಪವೂ ಇರುವುದಿಲ್ಲ. ಹೀಗಾಗಿ ಹೊಲದ ಗಾಡಿದಾರಿ. ಅಲ್ಲಿ ಕಾಲಿಗೆ ಮಣ್ಣು ಮೆತ್ತಗೆ. ಆದರೆ ಕಟಾವಾದ ಹೊಲಕ್ಕೆ ಇಳಿಯಬಾರದು. ಕಬ್ಬಿನ ಕೂಳೆ ಈಟಿಯಂತೆ ನಿಂತಿರುತ್ತದೆ, ನಾಯಿಯ ಪಾದ ಸೀಳಿಬಿಡುತ್ತದೆ.

ರಾಣಿಯ ಬಗ್ಗೆ ಹೇಳದಿದ್ದರೆ ಹೇಗೆ! ತೆಳ್ಳನೆ ಸೊಂಟ, ಆಳವಾದ ಎದೆ, ಉದ್ದ ಕಾಲು. ಪಕ್ಕೆಲುಬು ಎಣಿಸಬಹುದು. ‘ನಾಯಿಗೆ ಹೊಟ್ಟೀಗಿ ಹಾಕೂದಿಲ್ಲೇನ್ರೀ ಸಾಹೇಬ್ರ?’ ಎಂದು ದಾರಿಯಲ್ಲಿ ಕೇಳದವರಿಲ್ಲ. ಅದರ ಜಾತಿಯೇ ಹಾಗೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ಬೇಟೆನಾಯಿ; 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಮೂಸುವುದಕ್ಕಿಂತ ಕಣ್ಣನ್ನೇ ನಂಬಿ ಬೇಟೆಯಾಡುತ್ತದೆ. ಮೊಲವೊಂದು ದಾಟಿದರೆ ಮುಗಿಯಿತು, ಅದಕ್ಕೇ ಪಟ್ಟಾ ಬಿಚ್ಚುವುದಿಲ್ಲ. ಗಿಡ್ಡ ಕೂದಲಿನ ಮೈಗೆ ಚಳಿ ಬೇಗ ತಾಗುತ್ತದೆ, ಆದ್ದರಿಂದ ಮೊದಲು ಹತ್ತು ನಿಮಿಷ ನಡೆಸುತ್ತೇವೆ. ಓಡುವ ಮುನ್ನ ರೊಟ್ಟಿ ಹಾಕುವುದಿಲ್ಲ. ನಾಯಿ ನಮ್ಮಂತೆ ಮೈತುಂಬ ಬೆವರದು, ನಾಲಿಗೆ ಚಾಚಿ ತೇಕಿಯೇ ತಣ್ಣಗಾಗಬೇಕು. ಬೇಸಿಗೆಯಲ್ಲಿ ಅದನ್ನು ಹೀಗೆ ಓಡಿಸುವುದು ಕ್ರೌರ್ಯವೇ ಸರಿ.

ಮುಧೋಳ ನಾಯಿಗೆ ಗುಂಡಿನಂಥ ಓಟ ಗೊತ್ತು, ಒಂದೇ ಹದದಲ್ಲಿ ಓಡುವುದು ಗೊತ್ತಿಲ್ಲ. ಮೊದಲ ವಾರ ಅದು ಎಳೆದಂತೆ ಹುಡುಗಿ ಓಡಿ, ಎರಡನೇ ಸುತ್ತಿಗೇ ಇಬ್ಬರೂ ಬದುವಿನ ಮೇಲೆ ಕೂತರು. ಈಗ ಹುಡುಗಿಯೇ ಹದ ಹಿಡಿಯುತ್ತಾಳೆ, ನಾಯಿ ಹೊಂದಿಕೊಳ್ಳುತ್ತದೆ.

‘ಹೆಣ್ಣುಹುಡುಗಿ ಕತ್ತಲದಾಗ ಯಾಕ ಓಡಬೇಕ್ರೀ?’ ಎಂದವರು ಓಣಿಯಲ್ಲಿ ಇದ್ದರು. ರಾಣಿಯ ಹಲ್ಲು ನೋಡಿದ ಮೇಲೆ ಅವರ ಮಾತು ಕಡಿಮೆಯಾಗಿದೆ. ಅವಳ ಅಪ್ಪನದು ಮಾತ್ರ ಒಂದು ಷರತ್ತು: ಅಜ್ಜ ಜೊತೆಗಿರಬೇಕು. ನನ್ನ ಮೊಣಕಾಲು ಹಿಡಿದುಕೊಂಡ ದಿನ ನಾಯಿಯೊಂದನ್ನೇ ನಂಬಿ ಕಳಿಸಬೇಕೇ ಎಂಬ ವಾದ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಕಳಿಸಬೇಕು ಎಂಬ ಪಕ್ಷದಲ್ಲಿ ನಾನು, ನನ್ನ ಹೆಂಡತಿ.

ಮೊನ್ನೆ ಭಾನುವಾರ ಮೊಮ್ಮಗಳ ಸಮಯ ಎಂಟು ನಿಮಿಷ ಹನ್ನೊಂದು ಸೆಕೆಂಡು. ಹಳೆಯ ಲೆಡ್ಜರಿನಲ್ಲಿ ಬರೆದಿಟ್ಟಿದ್ದೇನೆ. ಇನ್ನು 41 ಸೆಕೆಂಡು ಬಾಕಿ.